ಮಗಳ ಕೈಗೂ ಸ್ಕ್ರೂಡ್ರೈವರ್ ಕೊಡಿ

ಮಿಕ್ಸಿ ನಿಂತರೆ, ತೋಟದ ಪಂಪು ಕೈಕೊಟ್ಟರೆ ಮಗನನ್ನು ಕರೀತೇವೆ. ಮಗಳು ಹತ್ತಿರ ಬಂದರೆ ‘ನಿಂಗೆ ಎಂತಕ್ಕೆ ಅದೆಲ್ಲ?’ ಅಂತೇವೆ. ಬೈಂದೂರಿರಲಿ, ಕುಂದಾಪುರ, ಬ್ರಹ್ಮಾವರವಿರಲಿ, ಮನೆಮನೆಯ ಮಾತಿದು. ಎಷ್ಟೋ ಶಾಲೆಗಳಲ್ಲೂ ಅಷ್ಟೆ. ಪ್ರಾಜೆಕ್ಟಿಗೆ ವೈರು ಜೋಡಿಸುವವರು ಹುಡುಗರು, ಚಾರ್ಟು ಬರೆಯುವವರು ಹುಡುಗಿಯರು.

ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ 6ರಿಂದ 12ನೇ ತರಗತಿಯ ಎಲ್ಲ ಮಕ್ಕಳದ್ದು. ಅಲ್ಲಿರುವ ಸೆನ್ಸರ್, ತ್ರೀಡಿ ಪ್ರಿಂಟರ್‌ಗಳನ್ನು ಹುಡುಗಿಯರು ದೂರ ನಿಂತು ನೋಡಿದರೆ ಸಾಲದು. ಆರು, ಏಳನೇ ಕ್ಲಾಸಿನಲ್ಲೇ ಕೈ ಪಳಗಲಿ. ಆಮೇಲೆ ಹಿಂಜರಿಕೆ ಬೇರೂರುತ್ತದೆ.

ಅಮ್ಮಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಅಂಕ ಕೇಳುವ ಮೊದಲು ‘ನನ್ನ ಮಗಳು ಏನು ಜೋಡಿಸಿದಳು?’ ಅಂತ ಕೇಳಿ. ಲ್ಯಾಬ್ ಇಲ್ಲವೇ? ಹಳೇ ಟಾರ್ಚು ಕೊಟ್ಟು ಬಿಚ್ಚಲು ಬಿಡಿ. ಹಾಳಾದರೆ ಹೋಗಲಿ, ಟಾರ್ಚು ತಾನೇ!