ಸಿಗಡಿಯ ಮೀಸೆ

ಕರಾವಳಿಯ ಮೀನುಪೇಟೆಯಲ್ಲಿ ಸಿಗಡಿಯ ರಾಶಿಯನ್ನು ಕಂಡವರಿಗೆ ಅದರ ಉದ್ದನೆಯ ಮೀಸೆ ನೆನಪಿರುತ್ತದೆ. ಅಡುಗೆಮನೆಯಲ್ಲಿ ತಲೆಯೊಡನೆ ಅದನ್ನೂ ಕಿತ್ತು ಎಸೆಯುತ್ತಾರೆ. ಬದುಕಿರುವ ಸಿಗಡಿಗೆ ಮಾತ್ರ ಅದು ಬಹಳ ಬೇಕಾದ ಅಂಗ. ಮೈಯೆಲ್ಲ ಗಟ್ಟಿ ಕವಚವಿರುವ ಪ್ರಾಣಿಗೆ ಹೊರಗೆ ಏನು ತಾಗಿತು, ನೀರು ಯಾವ ಕಡೆಯಿಂದ ತಳ್ಳಿತು ಎಂಬುದು ತಿಳಿಯುವುದು ಹೇಗೆ?

ಪಠ್ಯಪುಸ್ತಕಗಳು ಇದನ್ನು ಕುಡಿಮೀಸೆ ಎನ್ನುತ್ತವೆ. (ಹೆಣ್ಣು ಸಿಗಡಿಗೂ ಮೀಸೆ ಉಂಟು!) ಕೀಟಗಳಿಗೆ ಒಂದು ಜೊತೆಯಾದರೆ ಸಿಗಡಿ, ಏಡಿಗಳ ಬಳಗಕ್ಕೆ ಎರಡು ಜೊತೆ. ಅದರ ಮೇಲೆಲ್ಲ ಸೂಕ್ಷ್ಮವಾದ ರೋಮಗಳಿವೆ. ಪ್ರತಿ ಸ್ಪರ್ಶರೋಮದ ಬುಡಕ್ಕೂ ನರತಂತು ಬಂದು ಸೇರುತ್ತದೆ. ರೋಮ ಬಾಗಿತೆಂದರೆ ಮಿದುಳಿಗೆ ಸುದ್ದಿ ಹೋಯಿತು. ನಿಮ್ಮ ಮುಂಗೈಯ ಕೂದಲನ್ನು, ಚರ್ಮಕ್ಕೆ ತಾಗದಂತೆ, ಪೆನ್ಸಿಲಿನ ತುದಿಯಿಂದ ಸವರಿ ನೋಡಿ. ಕೂದಲು ನಿರ್ಜೀವ, ಆದರೂ ಗೊತ್ತಾಗುತ್ತದೆ. ಉಪಾಯ ಅದೇ.

ಕೆಲವು ರೋಮಗಳು ಗಡುಸು. ಏನಾದರೂ ತಾಗಿದರೆ ಬಾಗುತ್ತವೆ. ಇನ್ನು ಕೆಲವು ಹಕ್ಕಿಯ ಗರಿಯಂತೆ ಕವಲೊಡೆದಿದ್ದು, ನೀರು ಸ್ವಲ್ಪ ಅಲುಗಿದರೂ ತೂಗುತ್ತವೆ. ಕೆಸರು ನೀರಿನಲ್ಲಿ ಕಣ್ಣಿನಿಂದ ಹೆಚ್ಚು ಪ್ರಯೋಜನವಿಲ್ಲ. ಹಸಿದ ಮೀನು ನುಗ್ಗಿ ಬರುವಾಗ ಮುಂದಿನ ನೀರನ್ನು ತಳ್ಳಿಕೊಂಡೇ ಬರುತ್ತದೆ. ಆ ಅಲುಗಾಟ ಸಾಕು, ಸಿಗಡಿ ಬಾಲ ಮಡಚಿ ಫಕ್ಕನೆ ಹಿಂದಕ್ಕೆ ಚಿಮ್ಮುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಗಿಡ್ಡ ಮೀಸೆಯ ಬುಡದಲ್ಲಿದೆ. ಅಲ್ಲೊಂದು ಪುಟ್ಟ ಗೂಡು. ಒಳಗೂ ಅಂಥವೇ ರೋಮಗಳು. ಹಲವು ಜಾತಿಗಳಲ್ಲಿ ಅವುಗಳ ಮೇಲೆ ಮರಳಿನ ಕಣಗಳು ಕುಳಿತಿರುತ್ತವೆ. ಮೈ ವಾಲಿದಂತೆ ಕಣಗಳ ಭಾರ ಬೇರೆ ರೋಮಗಳ ಮೇಲೆ ಬೀಳುತ್ತದೆ. ಮೇಲು ಯಾವುದು, ಕೆಳಗು ಯಾವುದು ಎಂಬುದು ಹೀಗೆ ತಿಳಿಯುತ್ತದೆ. ಆದರೆ ಬೆಳೆಯಬೇಕಾದರೆ ಸಿಗಡಿ ಹಳೆಯ ಕವಚವನ್ನು ಕಳಚಲೇಬೇಕು. ಆಗ ಮೀಸೆಯ ರೋಮ, ಗೂಡಿನ ಒಳಪದರ, ಮರಳು ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹೊಸ ಕವಚದೊಡನೆ ಹೊಸ ರೋಮ ಬರುತ್ತದೆ, ಮರಳು ಬರುವುದಿಲ್ಲ. ಮೈ ಇನ್ನೂ ಮೆತ್ತಗಿರುವ ಆ ಅಪಾಯದ ವೇಳೆಯಲ್ಲಿ ಸಿಗಡಿಯೇ ಅದನ್ನು ತಳದಿಂದ ಹೆಕ್ಕಿ ತುಂಬಿಕೊಳ್ಳಬೇಕು.

ವಿಯೆನ್ನಾದ ವಿಜ್ಞಾನಿ ಅಲೋಯಿಸ್ ಕ್ರೈಡ್ಲ್ 1893ರಲ್ಲಿ ಪ್ರಕಟಿಸಿದ ಪ್ರಯೋಗ ಈ ವೇಳೆಯನ್ನೇ ಬಳಸಿಕೊಂಡಿತು. ಪ್ರಯೋಗವೆಂದರೆ ದುಬಾರಿ ಯಂತ್ರಗಳೇ ಬೇಕು ಎನ್ನುವವರು ಇದನ್ನು ಗಮನಿಸಬೇಕು. ಕವಚ ಕಳಚಿದ ಸಿಗಡಿಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿ ಒದಗಿಸಿದರು. ಅವು ಅದನ್ನೇ ಗೂಡಿಗೆ ತುಂಬಿಕೊಂಡವು. ಆಮೇಲೆ ಅಯಸ್ಕಾಂತವನ್ನು ಮೇಲಿನಿಂದ ಹಿಡಿದರು. ಪುಡಿ ಮೇಲಕ್ಕೆ ಸೆಳೆಯಿತು. ಮೇಲಿರುವುದೇ ನೆಲವೆಂದು ತಿಳಿದ ಸಿಗಡಿ ಹೊಟ್ಟೆ ಮೇಲಾಗಿ ಮಗುಚಿಕೊಂಡಿತು.