ಕೂಗಿದವನೇ ಕಳ್ಳ

ಹೋದ ತಿಂಗಳಿನ ಒಂದು ಭಾನುವಾರ, ಸಂಜೆ ನಾಲ್ಕರ ಸಮಯ. ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ನೆರೆಮನೆಯ ಹಿರಿಯ ತಾಯಿ ಹಿತ್ತಿಲ ಬಾಗಿಲಿನಿಂದ ಬಂದು ನನ್ನ ಶ್ರೀಮತಿಯೊಡನೆ ಏನನ್ನೋ ಪಿಸುಗುಟ್ಟಿದರು. ಬಳಿಕ ನನ್ನತ್ತ ತಿರುಗಿ, "ಒಂದು ಗಳಿಗೆ ಬಂದು ನೋಡಪ್ಪ. ಅವರು ಮಧ್ಯಾಹ್ನದಿಂದ ಬಾಯಿ ಬಿಟ್ಟಿಲ್ಲ, ಊಟವನ್ನೂ ಮುಟ್ಟಲಿಲ್ಲ" ಎಂದರು.

"ಅವರು" ಎಂದರೆ ಆ ತಾಯಿಯ ಯಜಮಾನರು. ಮೂವತ್ತೈದು ವರ್ಷಗಳ ಕಾಲ ಅನ್ಯರ ಲೆಕ್ಕಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ಆಡಿಟರು. ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ರಾತ್ರಿಯೆಲ್ಲ ಎಚ್ಚರವಿದ್ದವರೆಂದು ನಮ್ಮ ಬೀದಿಯಲ್ಲಿ ಪ್ರತೀತಿ. ಅಂಥವರು ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, "ಮಗನಿಗೆ ಮಾತ್ರ ಹೇಳಬೇಡಿ" ಎಂದು ಮೊದಲು ಮಾಡಿದರು.

ಪಿಂಚಣಿಗೆ ಸಂಬಂಧಿಸಿದ ಯಾವುದೋ ನಮೂನೆಯನ್ನು ಹುಡುಕುತ್ತಿದ್ದಾಗ ಪರದೆಯೆಲ್ಲ ಇದ್ದಕ್ಕಿದ್ದಂತೆ ನೀಲಿಯಾಯಿತಂತೆ. ಸೈರನ್ನಿನಂತಹ ಸದ್ದು, ಅದರೊಡನೆ ಹೆಣ್ಣುದನಿಯೊಂದು: ಯಂತ್ರಕ್ಕೆ ವೈರಸ್ ತಗುಲಿದೆ, ಬ್ಯಾಂಕಿನ ವಿವರಗಳು ಕಳುವಾಗುತ್ತಿವೆ, ಯಂತ್ರವನ್ನು ಆರಿಸಕೂಡದು, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಬೇಕು. ಅವರು ಮಾಡಿದರು. ಅತ್ತ ಕಡೆಯವನು ಬಹು ವಿನಯಶೀಲ. ಅವನು ಹೇಳಿದ ತಂತ್ರಾಂಶವನ್ನು ಇವರು ಯಂತ್ರಕ್ಕೆ ಹಾಕಿಕೊಂಡರು. ಆಮೇಲೆ ಪರದೆಯ ಮೇಲಿನ ಬಾಣದ ಗುರುತು ತನ್ನಷ್ಟಕ್ಕೆ ತಾನೇ ಓಡಾಡತೊಡಗಿತು. ಕೆಂಪು ಹಳದಿ ಗುರುತುಗಳ ಒಂದು ಉದ್ದನೆಯ ಪಟ್ಟಿಯನ್ನು ತೆರೆದು, "ನೋಡಿ ಸಾರ್, ಇಷ್ಟೂ ವೈರಸ್" ಎಂದನಂತೆ ಆ ಪುಣ್ಯಾತ್ಮ. ಶುಲ್ಕ ಕೊಡಲೆಂದು ಬ್ಯಾಂಕಿನ ಪುಟವನ್ನು ತೆರೆದರು. ಪರೀಕ್ಷೆಗೆಂದು ಅವನು ಕೇಳಿದ ಒ.ಟಿ.ಪಿ.ಯನ್ನೂ ಓದಿ ಹೇಳಿದರು. ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಬೆಳಗಿದಾಗ ಖಾತೆಯಿಂದ 48,000 ರೂಪಾಯಿ ಹೋಗಿತ್ತು.

ಕೇಳುತ್ತ ನಿಂತಿದ್ದ ಆ ತಾಯಿ ಒಂದೇ ಮಾತು ಹೇಳಿದರು: "ಕಳ್ಳ ಬಂದನೆಂದು ಕೂಗಿದವನೇ ಬೀಗದಕೈಯನ್ನೂ ಕೇಳಿದರೆ, ಅವನು ಯಾರೆಂದು ತಿಳಿಯಬಾರದೇ?"

ಈ ವಂಚನೆಯ ಮರ್ಮವೆಲ್ಲ ಆ ಒಂದು ಮಾತಿನಲ್ಲಿದೆ. ಜಾಲದ ಮೇಲಿನ ಯಾವುದೇ ಪುಟವು ನಮ್ಮ ಯಂತ್ರದ ಒಡಲನ್ನು ಪರೀಕ್ಷಿಸಿ ರೋಗ ಹೇಳಲಾರದು. ಪರದೆಯ ತುಂಬ ಕಾಣಿಸಿದ್ದು ಬರಿಯ ಚಿತ್ರ. ಕೇಳಿಸಿದ್ದು ಮೊದಲೇ ಮುದ್ರಿಸಿಟ್ಟ ಸದ್ದು. ಜಾಹೀರಾತಿನ ಕೊಂಡಿಯಿಂದಲೋ, ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರಿಂದಲೋ ಅಂಥ ಪುಟ ತೆರೆದುಕೊಳ್ಳುತ್ತದೆ. ಹೊಲದ ಬೆದರುಬೊಂಬೆ ಹಕ್ಕಿಯನ್ನು ಹಿಡಿಯಲಾರದಷ್ಟೆ. ಹಾಗೆಯೇ ನಾವು ಫೋನ್ ಮಾಡುವವರೆಗೆ ಆ ಪುಟ ನಮ್ಮ ಹಣವನ್ನು ಮುಟ್ಟಲಾರದು. ಇನ್ನು ಆ ಕೆಂಪು ಹಳದಿಯ ಪಟ್ಟಿ? ಅದು ವಿಂಡೋಸ್ ತಾನಾಗಿಯೇ ಬರೆದಿಡುವ ದಿನಚರಿ. ಹೆಸರು ಈವೆಂಟ್ ವ್ಯೂವರ್. ಸಣ್ಣಪುಟ್ಟ ದೋಷಗಳ ದಾಖಲೆ ಆರೋಗ್ಯವಂತ ಯಂತ್ರದಲ್ಲಿಯೂ ಹೇರಳವಾಗಿರುತ್ತದೆ. ಆಡಿಟರಿಗೆ ಇದನ್ನು ತಿಳಿಸಿದಾಗ, "ಆಕ್ಷೇಪಣೆ ಇಲ್ಲದ ಲೆಕ್ಕಪುಸ್ತಕ ಎಲ್ಲಿದೆ!" ಎಂದು ಹಣೆ ಚಚ್ಚಿಕೊಂಡರು.

ನಿಜವನ್ನು ಗುರುತಿಸುವುದು ಕಷ್ಟವೇನೂ ಅಲ್ಲ. ತನ್ನ ದೋಷಸೂಚನೆಗಳಲ್ಲಿ ಫೋನ್ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟವಾಗಿ ಹೇಳಿದೆ. ಪರದೆಯ ಮೇಲೆ ಎಚ್ಚರಿಕೆಯೂ ಫೋನ್ ಸಂಖ್ಯೆಯೂ ಒಟ್ಟಿಗೆ ಕಂಡವೆಂದರೆ, ಅದು ಮೋಸವೆಂದೇ ತಿಳಿಯತಕ್ಕದ್ದು. ಆಗ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಪುಟವನ್ನು ಮುಚ್ಚಬೇಕು. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಕೊನೆಗಾಣಿಸಬಹುದು. ಅದೂ ಆಗದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನೇ ಆರಿಸಿಬಿಡಿ. ಮತ್ತೆ ತೆರೆದಾಗ, ಹಿಂದಿನ ಪುಟಗಳನ್ನು ಮರಳಿ ತೋರಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಿ.

ಪರರ ಕೈಗೆ ಯಂತ್ರವನ್ನು ಕೊಟ್ಟದ್ದೇ ಆಗಿಹೋಗಿದ್ದರೆ, ಮೊದಲು ಇಂಟರ್ನೆಟ್ ಸಂಪರ್ಕವನ್ನು ಕಡಿಯಿರಿ. ಹಾಕಿಕೊಂಡ ತಂತ್ರಾಂಶವನ್ನು ತೆಗೆಸಿ, ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಾಯಿಸಿ. ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಡಮಾಡದೆ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಈ ಕಸುಬು ಬಿಡಿ ಕಳ್ಳರದಲ್ಲ. ಕಚೇರಿ ತೆರೆದು, ಸಂಬಳ ಕೊಟ್ಟು ನಡೆಸುವ ಉದ್ಯಮವಾಗಿದೆ. ನಮ್ಮ ದೇಶದಲ್ಲಿಯೇ ಕುಳಿತು ಹೊರದೇಶಗಳ ಜನರನ್ನು ಹೀಗೆ ಸುಲಿಯುತ್ತಿದ್ದ ಕಾಲ್ ಸೆಂಟರುಗಳಿದ್ದವು. 2023ರ ಅಕ್ಟೋಬರಿನಲ್ಲಿ ಸಿ.ಬಿ.ಐ. 'ಆಪರೇಷನ್ ಚಕ್ರ-2' ಎಂಬ ಹೆಸರಿನಲ್ಲಿ 76 ಸ್ಥಳಗಳನ್ನು ಶೋಧಿಸಿತು. ಅದಕ್ಕೆ ಕಾರಣವಾದ ದೂರುಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಸಂಸ್ಥೆಗಳವೂ ಇದ್ದವು. ಸೀಮೋಲ್ಲಂಘನೆ ಮಾಡಿದ ವಿದ್ಯೆ ಈಗ ನಮ್ಮ ಹಿತ್ತಿಲಿಗೂ ಬಂದಿದೆ.

ಅಂದು ಸಂಜೆಯೇ 1930ಕ್ಕೆ ಫೋನ್ ಮಾಡಿಸಿದೆ. ಹಣದ ಒಂದು ಪಾಲು ತಡೆಹಿಡಿಯಲ್ಪಟ್ಟಿತು, ಉಳಿದದ್ದು ಕೈಬಿಟ್ಟಿತು. ನನ್ನನ್ನು ಕಾಡಿದ್ದು ಆ ಹಣವಲ್ಲ, ನಡುವೆ ಕಳೆದುಹೋದ ನಾಲ್ಕು ಗಂಟೆಗಳು. "ಆಗಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ. "ಮಗ ಬೈದಾನೆಂದಲ್ಲ, ನಕ್ಕಾನೆಂದು" ಎಂದರು.

ಆದುದರಿಂದ ಓದುಗರಲ್ಲಿ, ಅದರಲ್ಲಿಯೂ ಕಿರಿಯರಲ್ಲಿ, ನನ್ನದೊಂದು ಬಿನ್ನಹ. ಮನೆಯ ಹಿರಿಯರು ಇಂಥದೊಂದು ಸಂಗತಿಯನ್ನು ಹೇಳಲು ಬಂದರೆ, ಮೊದಲು ಫೋನ್ ಕೈಗೆತ್ತಿಕೊಳ್ಳಿ. ಉಪದೇಶಕ್ಕೆ ನಾಳೆ ಇದ್ದೇ ಇದೆ. ನಮ್ಮ ನಗೆಗೆ ಅವರು ಅಂಜಿದಷ್ಟು ಹೊತ್ತೂ ಕಳ್ಳನಿಗೆ ದಾರಿ ತೆರೆದಿರುತ್ತದೆ.

ಆಡಿಟರು ಮರುವಾರ ತಾವಾಗಿಯೇ ಮಗನಿಗೆ ತಿಳಿಸಿದರು. ಅವನು ನಗಲಿಲ್ಲವಂತೆ. ಈಗ ಬೆಳಗಿನ ವಾಯುಸಂಚಾರದಲ್ಲಿ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು, ತಮ್ಮ ವಯಸ್ಸಿನವರಿಗೆಲ್ಲ ಅವರೇ ಈ ಕಥೆಯನ್ನು ಹೇಳುತ್ತಾರೆ. ಕೊನೆಗೆ ತಮ್ಮ ಮನೆಯಾಕೆಯ ಆ ಬೀಗದಕೈಯ ಮಾತನ್ನೂ ಮರೆಯದೆ ಸೇರಿಸುತ್ತಾರೆ.