ಲೂಪಸ್: ಪ್ರತಿಕಾಯ ಸಿಕ್ಕಿತು, ಅದರ ಕಾರ್ಖಾನೆ?

ಕೀಲುನೋವು, ಬಿಟ್ಟುಬಿಟ್ಟು ಬರುವ ಜ್ವರ, ಕೆನ್ನೆಯ ಮೇಲೆ ಕೆಂಪು ಎಂದು ಆಸ್ಪತ್ರೆಗಳನ್ನು ಅಲೆದ ಮೇಲೆ ‘ಎಎನ್‌ಎ ಪಾಸಿಟಿವ್’ ಎಂಬ ವರದಿ ಕೈಗೆ ಬರುತ್ತದೆ. ಸ್ವಂತ ಜೀವಕೋಶದ ನ್ಯೂಕ್ಲಿಯಸ್ ಮೇಲೆಯೇ ತಿರುಗಿಬಿದ್ದ ಪ್ರತಿಕಾಯಗಳು ರಕ್ತದಲ್ಲಿವೆ ಎಂಬುದಷ್ಟೇ ಅದರ ಅರ್ಥ. ಆರೋಗ್ಯವಂತರಲ್ಲೂ ಕೆಲವರಿಗೆ ಅವು ಇರುತ್ತವೆ. ಅವನ್ನು ತಯಾರಿಸುತ್ತಿರುವ ಕೋಶ ಯಾವುದು? ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ ಚಿಕಿತ್ಸೆ ದಶಕಗಳ ಕಾಲ ತಡವರಿಸಿದ್ದು ಬಹುಮಟ್ಟಿಗೆ ಇಲ್ಲೇ.

ಪ್ರತಿಕಾಯ ಬಿ ಕೋಶಗಳ ಸಂತತಿಯ ಕೆಲಸ. ಸೋಂಕು ತಗಲಿದಾಗ, ಲಸಿಕೆ ಹಾಕಿಸಿಕೊಂಡಾಗ ಆ ಸಂತತಿಯ ಪ್ಲಾಸ್ಮಾಬ್ಲಾಸ್ಟ್ ಎಂಬ ಕೋಶಗಳು ರಕ್ತದಲ್ಲಿ ಕೆಲವು ದಿನ ಏರಿ, ಇಳಿಯುತ್ತವೆ. ಲೂಪಸ್ ಕೆರಳಿದಾಗ ಯಾವ ಸೋಂಕೂ ಇಲ್ಲದೆ ಅವು ಏರುತ್ತವೆ. ಇವುಗಳ ಜತೆಗೆ ‘ಡಿಎನ್2’ ಎಂಬ ಅಸಹಜ ಬಿ ಕೋಶಗಳೂ ಹೆಚ್ಚುತ್ತವೆ ಎಂದು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ತಂಡ 2018ರಲ್ಲಿ ತೋರಿಸಿತು. ವೈರಸ್ಸಿನ ಆರ್‌ಎನ್‌ಎ ಗುರುತಿಸುವ ಟಿಎಲ್‌ಆರ್7 ಎಂಬ ಗ್ರಾಹಕಕ್ಕೆ ಇವು ಅತಿಯಾಗಿ ಸ್ಪಂದಿಸಿ ಪ್ರತಿಕಾಯ ಸುರಿಸಲು ಸಿದ್ಧವಾಗುತ್ತವೆ. ಆ ಗ್ರಾಹಕದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಲ್ಲಿ ಎರಡನೆಯ ಎಕ್ಸ್ ಸಾಮಾನ್ಯವಾಗಿ ಮೌನವಾಗಿರುತ್ತದೆ; ಈ ಜೀನ್ ಮಾತ್ರ ಕೆಲವು ಕೋಶಗಳಲ್ಲಿ ಆ ಮೌನ ಮುರಿಯುತ್ತದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ ಆಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಕೊಲ್ಲುವ ಔಷಧ. ಆದರೂ ಲೂಪಸ್‌ನಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಗುರಿ ಮುಟ್ಟಲಿಲ್ಲ. ಅದು ಹುಡುಕುವ ಸಿಡಿ20 ಗುರುತು ಪ್ಲಾಸ್ಮಾಬ್ಲಾಸ್ಟ್‌ಗಳ ಮೇಲೆ ಇರುವುದಿಲ್ಲ. ದುಗ್ಧಗ್ರಂಥಿಗಳಲ್ಲಿ ಅಡಗಿದ ಬಿ ಕೋಶಗಳೂ ಉಳಿದುಬಿಡುತ್ತವೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೆಯೋರ್ಗ್ ಶೆಟ್ ತಂಡ ಪ್ಲಾಸ್ಮಾಬ್ಲಾಸ್ಟ್‌ಗಳ ಮೇಲೂ ಇರುವ ಸಿಡಿ19 ಗುರುತಿಗೆ ಗುರಿಯಿಡುವಂತೆ ಮಾರ್ಪಡಿಸಿದ ರೋಗಿಯದೇ ಟಿ ಕೋಶಗಳನ್ನು (ಕಾರ್-ಟಿ) ಬಳಸಿತು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ವರದಿಯಲ್ಲಿದ್ದ ಎಂಟೂ ಲೂಪಸ್ ರೋಗಿಗಳಲ್ಲಿ ರೋಗ ತಣ್ಣಗಾಗಿತ್ತು, ಸ್ಟೀರಾಯ್ಡ್ ಕೂಡ ನಿಂತಿತ್ತು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬೇರೆ: ಡಿಎನ್‌ಎ ವಿರುದ್ಧದ ಪ್ರತಿಕಾಯಗಳು ಮಾಯವಾದರೂ, ಹಳೆಯ ಲಸಿಕೆಗಳು ಕೊಟ್ಟ ಪ್ರತಿಕಾಯಗಳು ಬಹುಪಾಲು ಉಳಿದವು. ಅಂದರೆ ಹಳೆಯ ಲಸಿಕೆಯ ಪ್ರತಿಕಾಯ ತಯಾರಿಸುತ್ತ ಮೂಳೆಮಜ್ಜೆಯಲ್ಲಿ ದಶಕಗಟ್ಟಲೆ ಕೂತ ಕೋಶಗಳಿಗಿಂತ, ದಿನವೂ ಹೊಸದಾಗಿ ಹುಟ್ಟಿಬರುವ ಕೋಶಗಳ ಮೇಲೆಯೇ ಅನುಮಾನ ಗಟ್ಟಿಯಾಗುತ್ತದೆ. ಅವು ಎಣಿಕೆಗೂ ಸಿಗುತ್ತವೆ.

ಭಾರತದಲ್ಲೂ ಕಾರ್-ಟಿ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ತನ್ನದನ್ನು ಹೊರತಂದಿದೆ. ಎರಡೂ ರಕ್ತದ ಕ್ಯಾನ್ಸರಿಗೆ, ಖರ್ಚು ಹತ್ತಾರು ಲಕ್ಷ. ಲೂಪಸ್ ರೋಗಿಗೆ ಇದನ್ನು ನಾಳೆಯೇ ಸಿಗುವ ಮದ್ದೆಂದು ಬಿಂಬಿಸುವುದು ಅನ್ಯಾಯ.

ಕೈಗೆಟಕುವ ಕೆಲಸ ಬೇರೆಯಿದೆ. ಲ್ಯುಕೇಮಿಯಾ ಪತ್ತೆಗೆ ಬಳಸುವ ಫ್ಲೋ ಸೈಟೊಮೀಟರ್ ದೊಡ್ಡ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ. ಪ್ಲಾಸ್ಮಾಬ್ಲಾಸ್ಟ್, ಡಿಎನ್2 ಕೋಶಗಳನ್ನು ಅದರಲ್ಲೇ ಎಣಿಸಬಹುದು. ಲೂಪಸ್‌ಗೆ ಬಳಸುವ, ಅಂಡಾಶಯಕ್ಕೆ ಹಾನಿ ಮಾಡಬಲ್ಲ ಸೈಕ್ಲೋಫಾಸ್ಫಮೈಡ್‌ನಂಥ ಔಷಧ ಕೊಡುವ ಮೊದಲು ಮತ್ತು ಆಮೇಲೆ ಆ ಎಣಿಕೆಯನ್ನು ದಾಖಲಿಸಿ, ಯಾರಿಗೆ ಯಾವ ಔಷಧ ಫಲಿಸಿತೆಂದು ಹೋಲಿಸುವ ಅಧ್ಯಯನವನ್ನು ಐಸಿಎಂಆರ್ ನಾಲ್ಕಾರು ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುಮಾಡಬೇಕು. ಪರೀಕ್ಷೆಗೆಂದು ಹೇಗೂ ತೆಗೆಯುವ ರಕ್ತದ ಜತೆ ಇನ್ನೊಂದು ಟ್ಯೂಬು ತೆಗೆದರೆ ಸಾಕು.